ಅಂಕಾವಾದ ಚರ್ಚ್ ಅಂಗಳ, 2014: ನೆರವಿನ ಒಂದು ಪ್ರಕರಣ ಅಧ್ಯಯನ

ಇರಾಕಿನ ನಿನೆವೆ ಬಯಲಿನಲ್ಲಿ ಕರಕೋಶ್ ಅಂತ ಒಂದು ಊರಿದೆ. ಬೈಬಲ್ ಓದುವವರಿಗೆ ನಿನೆವೆ ಹೊಸ ಹೆಸರಲ್ಲ. ಪ್ರವಾದಿ ಯೋನನನ್ನು ದೇವರು ಕಳಿಸಿದ್ದು ಆ ಕಡೆಗೇ. ಕರಕೋಶ್ ಇರುವುದು ಮೊಸುಲ್ ನಗರದಿಂದ ಸುಮಾರು 30 ಕಿ.ಮೀ. ದೂರದಲ್ಲಿ. 2014ರವರೆಗೆ ಅಲ್ಲಿ ಸುಮಾರು 50,000 ಜನ ಇದ್ದರು. ಬಹುಪಾಲು ಎಲ್ಲರೂ ಕ್ರೈಸ್ತರು. ಗೋಧಿ ಬೆಳೆಯುತ್ತಿದ್ದರು, ಕೋಳಿ ಸಾಕುತ್ತಿದ್ದರು, ಮನೆಯಲ್ಲಿ ಅರಾಮಿಕ್ ಮೂಲದ ಭಾಷೆ ಆಡುತ್ತಿದ್ದರು. ಇರಾಕಿನ ಅತಿ ದೊಡ್ಡ ಕ್ರೈಸ್ತ ಊರು ಅದು.

2014ರ ಆಗಸ್ಟ್ 6ರ ರಾತ್ರಿ ಆ ಊರು ಖಾಲಿಯಾಯಿತು. ಜೂನ್ 10ಕ್ಕೇ ಮೊಸುಲ್ ಐಸಿಸ್ ಎಂಬ ಉಗ್ರರ ಸಂಘಟನೆಯ ಕೈಗೆ ಹೋಗಿತ್ತು. ಜುಲೈನಲ್ಲಿ ಅಲ್ಲಿನ ಕ್ರೈಸ್ತರ ಮನೆ ಬಾಗಿಲುಗಳ ಮೇಲೆ ಗುರುತು ಬರೆದರು. ಮತ ಬದಲಿಸಿ, ಇಲ್ಲ ತಲೆಗಂದಾಯ ಕೊಡಿ, ಇಲ್ಲ ಊರು ಬಿಡಿ, ಯಾವುದೂ ಆಗದಿದ್ದರೆ ಕತ್ತಿ ಎಂದರು. ಊರು ಬಿಟ್ಟು ಹೊರಟವರನ್ನು ನಾಕಾದಲ್ಲಿ ತಡೆದು ದುಡ್ಡು, ಒಡವೆ, ಗುರುತಿನ ಚೀಟಿ ಕಿತ್ತುಕೊಂಡರು. ಆಗಸ್ಟ್ 3ಕ್ಕೆ ಸಿಂಜಾರ್‌ನಲ್ಲಿ ಯಜೀದಿಗಳ ಮೇಲೆ, ಅಂದರೆ ಅಲ್ಲಿನ ಇನ್ನೊಂದು ಅಲ್ಪಸಂಖ್ಯಾತ ಮತದವರ ಮೇಲೆ, ಬಿದ್ದರು. ಗಂಡಸರನ್ನು ಕೊಂದರು, ಹೆಂಗಸರನ್ನೂ ಮಕ್ಕಳನ್ನೂ ಎಳೆದೊಯ್ದು ಮಾರಿದರು. ಮೂರು ದಿನದ ನಂತರ ಕರಕೋಶ್‌ನ ಸರದಿ. ಅಲ್ಲಿಯವರೆಗೆ ಕಾವಲಿದ್ದ ಕುರ್ದಿಶ್ ಪಡೆ, ಅಂದರೆ ಪೆಶ್ಮೆರ್ಗಾ, ಅದೇ ರಾತ್ರಿ ಹಿಂದೆ ಸರಿಯಿತು. ಜನ ಉಟ್ಟ ಬಟ್ಟೆಯಲ್ಲೇ ಹೊರಟರು.

ಕೆಲವೇ ದಿನಗಳಲ್ಲಿ ನಿನೆವೆ ಬಯಲಿನಿಂದ ಸುಮಾರು 1,20,000 ಕ್ರೈಸ್ತರು ಕುರ್ದಿಸ್ತಾನದ ಕಡೆ, ಅಂದರೆ ಕುರ್ದಿಶ್ ಜನ ತಾವೇ ಆಳಿಕೊಳ್ಳುವ ಉತ್ತರ ಇರಾಕಿನ ಪ್ರದೇಶಕ್ಕೆ, ಬಂದರು. 2011ರ ಜನಗಣತಿಯಲ್ಲಿ ಮಂಡ್ಯ ನಗರದ ಜನಸಂಖ್ಯೆ 1,37,000ದಷ್ಟಿತ್ತು. ಅಷ್ಟು ಜನ ಒಂದೇ ವಾರದಲ್ಲಿ ಮನೆ ಬಿಟ್ಟು ಪಕ್ಕದ ಊರಿನ ರಸ್ತೆಗೆ ಬಂದು ನಿಂತರೆ ಹೇಗಿರುತ್ತದೆ ಎಂದು ನೆನೆಸಿಕೊಳ್ಳಿ.

ಬಹಳ ಜನ ಸೇರಿದ್ದು ಎರ್ಬಿಲ್ ನಗರಕ್ಕೆ ಅಂಟಿಕೊಂಡಿರುವ ಅಂಕಾವಾ ಎಂಬ ಬಡಾವಣೆಗೆ. ಅಲ್ಲಿ ಕ್ರೈಸ್ತರೇ ಜಾಸ್ತಿ. ಈ ಅಧ್ಯಯನ ಮುಖ್ಯವಾಗಿ ಅಂಕಾವಾದ್ದು. ಮೈಸೂರಿನ ಒಂದು ಧರ್ಮಕೇಂದ್ರದ ಯುವಜನರ ಜೊತೆ ನಾನು ಇದನ್ನು ಓದಿ ಚರ್ಚಿಸಿದೆ. ಮಂಡ್ಯ, ಶ್ರೀರಂಗಪಟ್ಟಣದ ಕಡೆಯ ಕೆಲವು ಹಿರಿಯರೂ ಕೂತಿದ್ದರು. ಯುದ್ಧದಲ್ಲಿ ನಲುಗಿದ ನಮ್ಮ ಮತದ ಜನರಿಗೆ ಏನಾದರೂ ಮಾಡಬೇಕು ಅನ್ನುವ ಆಸೆ ಎಲ್ಲರಿಗೂ ಇತ್ತು. ಏನು ಮಾಡಬೇಕು, ಯಾರ ಮೂಲಕ ಮಾಡಬೇಕು ಅನ್ನುವುದೇ ಪ್ರಶ್ನೆ.

ಚರ್ಚಿನ ಬಾಗಿಲಿಗೇ ಯಾಕೆ ಬಂದರು?

ಇಡೀ ಪ್ರಕರಣದ ತಿರುಳು ಇದೇ ಎಂದು ನನಗನಿಸುತ್ತದೆ. ಆಗ ಕುರ್ದಿಸ್ತಾನದಲ್ಲಿ ದೊಡ್ಡ ದೊಡ್ಡ ಶಿಬಿರಗಳು ಏಳುತ್ತಿದ್ದವು. ಗುಡಾರ, ನೀರು, ಪಡಿತರ ಎಲ್ಲ ಅಲ್ಲಿಗೇ ಬರುತ್ತಿತ್ತು. ಆದರೂ ಕ್ರೈಸ್ತ ಕುಟುಂಬಗಳು ಬಹುಪಾಲು ಅಲ್ಲಿಗೆ ಹೋಗಲಿಲ್ಲ. ಭಯ. ನಿನ್ನೆವರೆಗೆ ನಗುನಗುತ್ತಾ ಮಾತಾಡಿದ ಪಕ್ಕದ ಊರಿನವರಲ್ಲಿ ಕೆಲವರು ಐಸಿಸ್ ಜೊತೆ ಸೇರಿಕೊಂಡದ್ದನ್ನು ಅವರು ಕೇಳಿದ್ದರು, ಕಂಡಿದ್ದರು. ಶಿಬಿರದ ಪಕ್ಕದ ಗುಡಾರದಲ್ಲಿ ಯಾರಿದ್ದಾರೋ ಯಾರಿಗೆ ಗೊತ್ತು? ಹಾಗಾಗಿ ಅಂಕಾವಾದ ಚರ್ಚ್ ಅಂಗಳಗಳಲ್ಲಿ ಮಲಗಿದರು. ಸಂತ ಜೋಸೆಫರ ಕಥೀಡ್ರಲ್ ಸುತ್ತ, ಮಾರ್ ಎಲಿಯಾ ಚರ್ಚಿನ ತೋಟದಲ್ಲಿ, ಶಾಲೆಗಳಲ್ಲಿ, ಕಟ್ಟಿ ಮುಗಿಯದ ಒಂದು ಮಾಲ್ ಕಟ್ಟಡದ ಒಳಗೆ. ಆಗಸ್ಟ್ ತಿಂಗಳು. ಬಿಸಿಲು 40 ಡಿಗ್ರಿ ಮೇಲೆ.

ಇದರಿಂದ ಒಂದು ತೊಂದರೆಯಾಯಿತು. ದೊಡ್ಡ ನೆರವು ಹರಿಯುವುದು ಶಿಬಿರದ ಪಟ್ಟಿಯ ಮೇಲೆ. ಶಿಬಿರದಲ್ಲಿ ಇಲ್ಲದವರು ಪಟ್ಟಿಯಲ್ಲೂ ಸರಿಯಾಗಿ ಇರಲಿಲ್ಲ. ತಮಗೆ ಬರುವ ಪಾಲು ಬಹಳ ಕಡಿಮೆ ಎಂದು ಎರ್ಬಿಲ್‌ನ ಕಲ್ದಾಯ (ಇರಾಕಿನ ಒಂದು ಕಥೋಲಿಕ ಪಂಗಡ) ಆರ್ಚ್‌ಬಿಷಪ್ ಬಶರ್ ವರ್ದಾ ವರ್ಷಗಟ್ಟಲೆ ಹೇಳುತ್ತಲೇ ಬಂದರು. ಕಾನೂನಿನ ಪ್ರಕಾರವೂ ಇವರ ಪಾಡು ಬೇರೆ. ದೇಶದ ಗಡಿ ದಾಟಿದವರಿಗೆ 1951ರ ನಿರಾಶ್ರಿತರ ಒಪ್ಪಂದದ ರಕ್ಷಣೆ ಇದೆ. ಸ್ವಂತ ದೇಶದೊಳಗೇ ನೆಲೆ ಕಳೆದುಕೊಂಡವರು ಆ ಒಪ್ಪಂದದ ಲೆಕ್ಕಕ್ಕೆ ಬರುವುದಿಲ್ಲ. ಅವರನ್ನು ನೋಡಿಕೊಳ್ಳಬೇಕಾದ್ದು ಅವರದೇ ಸರ್ಕಾರ. ಆ ಸರ್ಕಾರದ ಸೈನ್ಯವೇ ಮೊಸುಲ್ ಬಿಟ್ಟು ಓಡಿಹೋಗಿತ್ತು.

ಕ್ರೈಸ್ತ ಸಂಸ್ಥೆಗಳು ಕ್ರೈಸ್ತರಿಗೆ ನೆರವು ಕೊಟ್ಟದ್ದು ಪಕ್ಷಪಾತ ಅಲ್ವಾ ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ ಇದು: ಭಯಬಿದ್ದ ಜನ ತಮಗೆ ಪರಿಚಯ ಇರುವ ಬಾಗಿಲನ್ನೇ ತಟ್ಟುತ್ತಾರೆ. ನೆರವು ಆ ಬಾಗಿಲಿನವರೆಗೆ ಹೋಗಲೇಬೇಕು. ಇಲ್ಲದಿದ್ದರೆ ಆ ಜನ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲ ವಾರಗಳು

ಅಂಗಳದಲ್ಲಿ ಮಲಗಿದವರಿಗೆ ಬೇಕಾದದ್ದು ನೀರು, ನೆರಳು, ಶೌಚಾಲಯ, ಔಷಧಿ. ಇವಕ್ಕೆ ಜಗತ್ತಿನ ನೆರವು ಸಂಸ್ಥೆಗಳು ಸೇರಿ ಮಾಡಿಕೊಂಡಿರುವ ಒಂದು ಅಳತೆ ಇದೆ, ಸ್ಫಿಯರ್ ಮಾನದಂಡ ಅನ್ನುತ್ತಾರೆ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು. ಮಲಗಲು, ಕೂರಲು ತಲೆಗೆ 3.5 ಚದರ ಮೀಟರ್ ಸೂರಿನಡಿ ಜಾಗ. 20 ಜನಕ್ಕೆ ಒಂದು ಶೌಚಾಲಯ. ಓದುವಾಗ ಇವು ಸಣ್ಣ ಅಂಕಿಗಳು. ಲೆಕ್ಕ ಹಾಕಿದರೆ ಮೈ ಜುಮ್ಮೆನ್ನುತ್ತದೆ. 1,20,000 ಜನಕ್ಕೆ ದಿನಕ್ಕೆ 18 ಲಕ್ಷ ಲೀಟರ್ ನೀರು. 6,000 ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ 300 ಲೋಡು. ದಿನಾ ಬೇಕು. ಒಂದು ಧರ್ಮಕೇಂದ್ರದ ಫಾದರ್, ನಾಲ್ಕು ಸಿಸ್ಟರ್‌ಗಳು, ಊರಿನ ಹುಡುಗರು ಇದನ್ನು ಹೇಗೆ ಸಂಭಾಳಿಸಬೇಕು? ಆದರೂ ಮೊದಲು ಕೈಹಾಕಿದ್ದು ಅವರೇ. ಅಂಕಾವಾದ ಮನೆಯವರು ಅನ್ನ ಬೇಯಿಸಿ ತಂದರು. ನಿನೆವೆಯಿಂದಲೇ ಓಡಿಬಂದಿದ್ದ ಡೊಮಿನಿಕನ್ ಸಿಸ್ಟರ್‌ಗಳು ತಾವೂ ನೆಲೆ ಕಳೆದುಕೊಂಡವರೇ. ಅವರೇ ಮಕ್ಕಳನ್ನು ಸೇರಿಸಿ ಪಾಠ ಶುರು ಮಾಡಿದರು. ಹೊರಗಿನ ಸಂಸ್ಥೆಗಳು ಬಂದಾಗ ಯಾವ ಮನೆಯಲ್ಲಿ ಹಸುಗೂಸಿದೆ, ಯಾರಿಗೆ ಸಕ್ಕರೆ ಕಾಯಿಲೆಯ ಔಷಧಿ ಮುಗಿದಿದೆ ಅನ್ನುವ ಮಾಹಿತಿ ಇದ್ದದ್ದು ಇವರ ಹತ್ತಿರ.

ನಮ್ಮ ಚರ್ಚೆಯಲ್ಲಿ ಶ್ರೀರಂಗಪಟ್ಟಣದ ಗಂಜಾಂ ಕಡೆಯ ಒಬ್ಬ ಹಿರಿಯ ಅಮ್ಮ ಕೇಳಿದರು: "ಅಲ್ಲ ಕಣಪ್ಪಾ, ಬಟ್ಟೆಬರೆ ಒಟ್ಟಾಕಿ ಕಳಿಸಿದ್ರೆ ಆಗಕಿಲ್ವಾ? ಮನೆಮನೇಲಿ ಬೇಕಾದಷ್ಟವೆ."

ನರ್ಸ್ ಆಗಿರುವ ಒಬ್ಬ ಹುಡುಗಿ ಹೇಳಿದಳು: "ಅಜ್ಜಿ, ಇಲ್ಲಿಂದ ಅಲ್ಲಿಗೆ ಕಳಿಸೋ ಖರ್ಚಲ್ಲಿ ಅಲ್ಲೇ ಹೊಸದು ತಗೋಬಹುದು. ಎರ್ಬಿಲ್‌ನಲ್ಲಿ ಅಂಗಡಿಗಳು ತೆರೆದೇ ಇದ್ವಲ್ಲ."

ಅವಳ ಮಾತು ಸರಿ. ಎರ್ಬಿಲ್ ಬಿದ್ದಿರಲಿಲ್ಲ. ಮಾರುಕಟ್ಟೆ ನಡೆಯುತ್ತಿತ್ತು. ಅಂಥ ಕಡೆ ಸಾಮಾನಿಗಿಂತ ಹಣ ಮೇಲು. ಅಂಗಡಿಯವನೂ ಬದುಕುತ್ತಾನೆ, ತಾಯಿಯೂ ತನ್ನ ಮಗುವಿಗೆ ಬೇಕಾದ ಅಳತೆಯ ಚಪ್ಪಲಿ ಕೊಳ್ಳುತ್ತಾಳೆ. ಹಳೆ ಬಟ್ಟೆಯ ಮೂಟೆ ಬಂದರೆ ಅದನ್ನು ವಿಂಗಡಿಸಲು ಹತ್ತು ಜನ ಬೇಕು. ಆ ಹತ್ತು ಜನ ನೀರಿನ ಕೆಲಸ ಬಿಟ್ಟು ಬರಬೇಕು. ಅಜ್ಜಿಯ ಮನಸ್ಸು ದೊಡ್ಡದು, ಅದನ್ನು ಯಾರೂ ಅಲ್ಲಗಳೆಯಲಿಲ್ಲ. ನೆರೆ ಬಂದಾಗ ಹತ್ತಿರದ ಊರಿಗೆ ಬಟ್ಟೆ, ಕಂಬಳಿ ಒಯ್ಯುವುದು ಬೇರೆ ಮಾತು.

ಚಳಿಗಾಲ ಬರುವ ಹೊತ್ತಿಗೆ ಗುಡಾರಗಳ ಜಾಗಕ್ಕೆ ಕಂಟೇನರ್ ಮನೆಗಳು ಬಂದವು. ಆಮೇಲೆ ಬಾಡಿಗೆ ಮನೆಗಳು. ಒಂದು ಮನೆಯಲ್ಲಿ ಎರಡು ಮೂರು ಸಂಸಾರ. ಬಾಡಿಗೆಯ ಹಣ ಚರ್ಚ್ ಮೂಲಕ ಹೋಗುತ್ತಿತ್ತು. ಅದರಲ್ಲಿ ದೊಡ್ಡ ಪಾಲು 'ಏಡ್ ಟು ದಿ ಚರ್ಚ್ ಇನ್ ನೀಡ್' ಎಂಬ ಕಥೋಲಿಕ ಸಂಸ್ಥೆಯದು. ಆ ಸಂಸ್ಥೆ ಹುಟ್ಟಿದ್ದೇ 1947ರಲ್ಲಿ, ಎರಡನೇ ಮಹಾಯುದ್ಧದ ನಂತರ ಮನೆಮಠ ಕಳೆದುಕೊಂಡ ಜರ್ಮನ್ನರಿಗೆ ನೆರವಾಗಲು. ಕಟ್ಟಿದವರು ವೆರೆನ್‌ಫ್ರೀಡ್ ವಾನ್ ಸ್ಟ್ರಾಟನ್ ಎಂಬ ಡಚ್ ಗುರು. ಜರ್ಮನಿ ತನ್ನ ನೆರೆಯ ದೇಶಗಳನ್ನು ತುಳಿದು ಎರಡೇ ವರ್ಷ ಆಗಿದ್ದಾಗ, ಆ ತುಳಿತ ಅನುಭವಿಸಿದವರ ಹತ್ತಿರವೇ ಹೋಗಿ ಜರ್ಮನ್ನರಿಗಾಗಿ ಬೇಡಿದರು. ಆ ಧೈರ್ಯ ನನಗೆ ಈಗಲೂ ದೊಡ್ಡದಾಗಿ ಕಾಣುತ್ತದೆ.

ಶಾಲೆಯ ವಿಷಯ

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾವು ಮಾತಾಡಿದ್ದು ಇದನ್ನೇ. ನಿನೆವೆಯ ಮಕ್ಕಳು ಓದುತ್ತಿದ್ದದ್ದು ಅರಬ್ಬಿಯಲ್ಲಿ. ಕುರ್ದಿಸ್ತಾನದ ಸರ್ಕಾರಿ ಶಾಲೆಗಳಲ್ಲಿ ಪಾಠ ಕುರ್ದಿಶ್‌ನಲ್ಲಿ. ಅದೇ ದೇಶ, 70 ಕಿ.ಮೀ. ಒಳಗಿನ ದೂರ, ಆದರೆ ಮಗು ತರಗತಿಯಲ್ಲಿ ಕೂತರೆ ಒಂದು ಅಕ್ಷರವೂ ಅರ್ಥವಾಗದು. ಮಾಧ್ಯಮ ಬದಲಾದಾಗ ಮಕ್ಕಳು ಹೇಗೆ ಮಂಕಾಗುತ್ತಾರೆ ಅನ್ನುವುದು ನಮ್ಮೂರಿನ ತಂದೆತಾಯಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಗ ಚರ್ಚುಗಳು ಮಾಡಿದ ಕೆಲಸ ದೂರದೃಷ್ಟಿಯದು. ಸಿದ್ಧ ಹಲಗೆಗಳನ್ನು ಜೋಡಿಸಿ ಎದ್ದುನಿಲ್ಲಿಸುವ ಶಾಲೆಗಳನ್ನು ಕಟ್ಟಿಸಿದರು. 'ಏಡ್ ಟು ದಿ ಚರ್ಚ್ ಇನ್ ನೀಡ್' ಸಂಸ್ಥೆಯೊಂದರಿಂದಲೇ ಎಂಟು ಶಾಲೆಗಳಿಗೆ ಹಣ ಬಂತು. ಪಾಠ ಮಾಡಿದವರು ಬಹುಪಾಲು ಊರು ಬಿಟ್ಟು ಬಂದ ಮೇಷ್ಟ್ರುಗಳೇ. ಅಂದರೆ ಮಕ್ಕಳಿಗೆ ಓದು, ದೊಡ್ಡವರಿಗೆ ಕೆಲಸ, ಎರಡೂ ಒಟ್ಟಿಗೆ. 2015ರಲ್ಲಿ ಎರ್ಬಿಲ್‌ನಲ್ಲಿ ಕಥೋಲಿಕ ವಿಶ್ವವಿದ್ಯಾಲಯವೇ ಶುರುವಾಯಿತು. ಯುದ್ಧ ಇನ್ನೂ ಮುಗಿದಿರಲಿಲ್ಲ. ಅಂಥ ಹೊತ್ತಲ್ಲಿ ಕಾಲೇಜು ಬೇಕಿತ್ತಾ ಎಂದು ಗುಂಪಿನಲ್ಲಿ ಒಬ್ಬರು ಕೇಳಿದರು. ಬೇಕಿತ್ತು ಅಂತಲೇ ನನ್ನ ಉತ್ತರ. ಹದಿನೆಂಟು ವರ್ಷದ ಹುಡುಗ ಕಂಟೇನರ್ ಮನೆಯಲ್ಲಿ ಸುಮ್ನೆ ಕೂತರೆ ಅವನ ಕಣ್ಣು ಹೋಗುವುದು ವೀಸಾ ಕಡೆಗೇ.

ನಮ್ಮವರು, ಪರರು

ಇಲ್ಲಿ ಚರ್ಚೆ ಬಿಸಿಯಾಯಿತು. "ನಮ್ಮ ಜನಕ್ಕೆ ಕೊಡಕ್ಕೆ ನಾವು ಯಾರಿಗೂ ಉತ್ತರ ಕೊಡಬೇಕಾಗಿಲ್ಲ" ಎಂದರು ಒಬ್ಬರು. ಯುವಕನೊಬ್ಬ ತಕ್ಷಣ ಕೇಳಿದ: "ಹಂಗಾದ್ರೆ ಯಜೀದಿ ಹೆಣ್ಣುಮಗಳು ಬಂದು ಚರ್ಚ್ ಗೇಟಲ್ಲಿ ನಿಂತ್ರೆ ಏನಂತೀರಾ ಅಂಕಲ್?"

ಈ ಪ್ರಶ್ನೆಗೆ ಜಗತ್ತಿನ ನೆರವು ಸಂಸ್ಥೆಗಳು 1994ರಲ್ಲೇ ಉತ್ತರ ಬರೆದಿಟ್ಟಿವೆ. ರೆಡ್ ಕ್ರಾಸ್ ಚಳವಳಿ ಮತ್ತು ಸ್ವಯಂಸೇವಾ ಸಂಸ್ಥೆಗಳ ನಡಾವಳಿ ಸೂತ್ರ ಅದು. ಅದರ ಪ್ರಕಾರ ನೆರವು ಕೊಡುವಾಗ ಜನಾಂಗ, ಮತ, ದೇಶ ನೋಡಬಾರದು. ಯಾರಿಗೆ ಎಷ್ಟು ಅಗತ್ಯ ಅನ್ನುವುದೊಂದೇ ಅಳತೆ. ನೆರವನ್ನು ಮತ ಹರಡಲು ಬಳಸಬಾರದು. ಈ ಸೂತ್ರ ರೂಪಿಸಿದವರ ಸಾಲಿನಲ್ಲಿ ಕಥೋಲಿಕರ ಕ್ಯಾರಿತಾಸ್ ಇಂಟರ್‌ನ್ಯಾಷನಲಿಸ್, ಲೂಥರನ್ ವರ್ಲ್ಡ್ ಫೆಡರೇಷನ್, ಚರ್ಚುಗಳ ವಿಶ್ವ ಮಂಡಳಿ ಇವೆಲ್ಲ ಇವೆ. ಹೊರಗಿನವರು ನಮ್ಮ ಮೇಲೆ ಹೇರಿದ ನಿಯಮ ಅಲ್ಲ ಇದು.

ಹಾಗಾದರೆ ಹಿಂಸೆಗೆ ಒಳಗಾದ ಕ್ರೈಸ್ತರಿಗೆಂದೇ ಹಣ ಸೇರಿಸುವುದು ತಪ್ಪೇ? ನಾನು ಹಾಗೆ ಹೇಳುವುದಿಲ್ಲ. ಮತದ ಕಾರಣಕ್ಕೇ ಮನೆ ಕಳೆದುಕೊಂಡವರ ಅಗತ್ಯದಲ್ಲಿ ಆ ಮತವೂ ಸೇರಿರುತ್ತದೆ. ಅವರಿಗೆ ಸೂರೂ ಬೇಕು, ಪ್ರಾರ್ಥಿಸಲು ಜಾಗವೂ ಬೇಕು. ಸುಟ್ಟ ಚರ್ಚನ್ನು ಮತ್ತೆ ಕಟ್ಟುವುದನ್ನು ರೆಡ್ ಕ್ರಾಸ್ ಮಾಡಲಾರದು, ಮಾಡಲೂಬೇಕಾಗಿಲ್ಲ. ಅದು ನಮ್ಮ ಕೆಲಸ. ಆದರೆ ಅನ್ನ, ನೀರು, ಔಷಧಿ ಬಂದಾಗ ಗೇಟಿನಲ್ಲಿ ದೀಕ್ಷಾಸ್ನಾನದ ಸರ್ಟಿಫಿಕೇಟ್ ಕೇಳಬಾರದು. ಅಂಕಾವಾದ ಚರ್ಚ್ ಕ್ಲಿನಿಕ್‌ಗಳಲ್ಲಿ ಯಜೀದಿಗಳಿಗೂ ಮುಸ್ಲಿಮರಿಗೂ ಚಿಕಿತ್ಸೆ ಸಿಕ್ಕಿತು. ಪಕ್ಕದ ಗುಂಪಿಗೆ ಕೊಡದೆ ನಮ್ಮವರಿಗೆ ಮಾತ್ರ ಕೊಟ್ಟರೆ ಅಲ್ಲಿನ ನಮ್ಮವರಿಗೇ ಅಪಾಯ ಜಾಸ್ತಿ. ಇವರಿಗೆ ಪರದೇಶದ ಬೆಂಬಲ ಇದೆ ಎಂಬ ಮಾತು ಹಬ್ಬಿದರೆ ಮುಂದಿನ ಜಗಳದಲ್ಲಿ ಮೊದಲ ಕಲ್ಲು ಬೀಳುವುದು ಅವರ ಮನೆ ಮೇಲೆ.

ಒಳ್ಳೆಯ ಮನಸ್ಸಿನ ಹಣವೂ ಕೇಡು ಮಾಡಬಹುದು. 1990ರ ದಶಕದಲ್ಲಿ ಸುಡಾನ್ ಯುದ್ಧದಲ್ಲಿ ಗುಲಾಮರಾದ ದಕ್ಷಿಣದ ಜನರನ್ನು ಕೆಲವು ಕ್ರೈಸ್ತ ಗುಂಪುಗಳು ಹಣ ಕೊಟ್ಟು ಬಿಡಿಸಲು ಹೊರಟವು. ದೂರದ ಊರುಗಳ ಶಾಲಾ ಮಕ್ಕಳೂ ಕಾಸು ಕೂಡಿಸಿ ಕೊಟ್ಟರು. ಬಿಡುಗಡೆಯಾದವರ ಸಂತೋಷ ನಿಜ. ಆದರೆ ಹಣ ಹರಿಯುತ್ತಿದ್ದಂತೆ ಮನುಷ್ಯರನ್ನು ಹಿಡಿದು ಮಾರುವುದೇ ಲಾಭವಾಗುತ್ತದೆ ಎಂದು ಯುನಿಸೆಫ್ 1999ರಲ್ಲಿ ಕಟುವಾಗಿ ಟೀಕಿಸಿತು. ಮಗುವಿನ ಹೆಸರು, ಮುಖ, ಊರು ಎಲ್ಲ ಹಾಕಿ ಪೋಸ್ಟರ್ ಮಾಡುವುದೂ ಇಂಥದ್ದೇ ಕೇಡು. ಆ ಪೋಸ್ಟರ್ ಮೈಸೂರಿನಲ್ಲಿ ಕಂಡರೆ ಮೊಸುಲ್‌ನಲ್ಲೂ ಕಾಣುತ್ತದೆ.

ನಮಗೂ ಅವರಿಗೂ ಏನು ಸಂಬಂಧ?

ಮಂಡ್ಯದಲ್ಲಿ ಕೇರಳ ಮೂಲದ ಸೀರೋ ಮಲಬಾರ್ ಕಥೋಲಿಕರ ಧರ್ಮಪ್ರಾಂತ ಇದೆ. 2010ರಲ್ಲಿ ಆದದ್ದು. ಅವರ ಬಲಿಪೂಜೆಯೂ ಇರಾಕಿನ ಕಲ್ದಾಯ ಚರ್ಚಿನ ಬಲಿಪೂಜೆಯೂ ಒಂದೇ ಪೂರ್ವ ಸಿರಿಯಕ್ ಪರಂಪರೆಯವು. ಅಂಕಾವಾದ ಅಜ್ಜಿ ಮಂಡ್ಯದ ಪೂಜೆಗೆ ಬಂದರೆ ಭಾಷೆ ತಿಳಿಯದಿದ್ದರೂ ಎಲ್ಲಿ ಏಳಬೇಕು, ಎಲ್ಲಿ ಮಂಡಿಯೂರಬೇಕು ಅನ್ನುವುದು ಸುಮಾರಾಗಿ ತಿಳಿದೀತು.

ಇನ್ನೊಂದು ಎಳೆ ನೋವಿನದು. 1784ರಲ್ಲಿ ಟಿಪ್ಪುವಿನ ಆಳ್ವಿಕೆಯಲ್ಲಿ ಕರಾವಳಿಯ ಕೆನರಾದ ಕ್ರೈಸ್ತರನ್ನು ದೊಡ್ಡ ಸಂಖ್ಯೆಯಲ್ಲಿ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದರು. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. 1799ರಲ್ಲಿ ಯುದ್ಧ ಮುಗಿದ ಮೇಲೆ ಉಳಿದವರಲ್ಲಿ ಬಹುಪಾಲು ಊರಿಗೆ ಮರಳಿದರು. ಆಗ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಮಾಡಲು ಬಂದವರು ಫ್ರೆಂಚ್ ಗುರು ಅಬ್ಬೆ ದುಬ್ವಾ. ನಮ್ಮ ಕಡೆ ಅವರನ್ನು ದೊಡ್ಡ ಸ್ವಾಮಿಯವರು ಎಂದೇ ಕರೆದರು. ಅವರು ಪೂಜೆ ಮಾಡಿಸಿ ಸುಮ್ಮನಾಗಲಿಲ್ಲ. ರೈತರ ನೆಲೆಗಳನ್ನು ಕಟ್ಟಿಸಿದರು. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ದುಡಿದರು. ಲಸಿಕೆಗೆ ಮತ ಕೇಳಲಿಲ್ಲ. ಇದನ್ನು ಹೇಳಿದ್ದು ಹಳೆ ಗಾಯ ಕೆದಕಲು ಅಲ್ಲ, ಇವತ್ತಿನ ಯಾರ ಮೇಲೂ ಬೆರಳು ತೋರಿಸಲು ಅಲ್ಲ. ಯುದ್ಧ ಮುಗಿದ ಮೇಲೆ ಜನಕ್ಕೆ ಹೊಲ ಬೇಕು, ಆರೋಗ್ಯ ಬೇಕು ಎಂದು ಇನ್ನೂರು ವರ್ಷದ ಹಿಂದೆಯೇ ಇಲ್ಲೊಬ್ಬರು ಮಾಡಿ ತೋರಿಸಿದ್ದಾರೆ.

ಬೈಲಕುಪ್ಪೆಯೂ ನಮ್ಮ ಜಿಲ್ಲೆಯದೇ. 1960ರ ದಶಕದ ಆರಂಭದಲ್ಲಿ ನೆಲೆ ಕಳೆದುಕೊಂಡು ಬಂದ ಟಿಬೆಟಿನವರಿಗೆ ಮೈಸೂರು ರಾಜ್ಯ ಅಲ್ಲಿ ಜಮೀನು ಕೊಟ್ಟಿತು. ಇಂದಿಗೂ ಅವರು ಅಲ್ಲಿದ್ದಾರೆ, ಮುಸುಕಿನ ಜೋಳ ಬೆಳೆಯುತ್ತಾರೆ.

ಹಣ ಹೋಗುವ ದಾರಿ

ಹಣದ ನಿಯಮ ಬಹಳ ಜನಕ್ಕೆ ಗೊಂದಲ. ಎಫ್‌ಸಿಆರ್‌ಎ ಕಾನೂನು ವಿದೇಶದಿಂದ ಇಲ್ಲಿಗೆ ಬರುವ ದೇಣಿಗೆಗೆ ಸಂಬಂಧಿಸಿದ್ದು. ಇಲ್ಲಿಂದ ಹೊರಗೆ ಕಳಿಸುವುದಕ್ಕೆ ಬೇರೆ ನಿಯಮ. ಧರ್ಮಕೇಂದ್ರದ ಅಥವಾ ಟ್ರಸ್ಟಿನ ಹಣವನ್ನು ವಿದೇಶದಲ್ಲಿ ಖರ್ಚು ಮಾಡಿದರೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದಿಲ್ಲ, ನೇರ ತೆರಿಗೆ ಮಂಡಳಿಯ ಅನುಮತಿ ಮೊದಲೇ ಇದ್ದರೆ ಮಾತ್ರ ಸಿಗುತ್ತದೆ. ಹಾಗಾಗಿ ಪೂಜೆಯ ಕಾಣಿಕೆ ಒಟ್ಟುಮಾಡಿ ನೇರವಾಗಿ ಎರ್ಬಿಲ್‌ಗೆ ಕಳಿಸುವುದು ಅಷ್ಟು ಸುಲಭ ಅಲ್ಲ. ವ್ಯಕ್ತಿಯಾಗಿ ಕಳಿಸಬಹುದು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ವರ್ಷಕ್ಕೆ 2,50,000 ಡಾಲರ್‌ವರೆಗೆ ಬ್ಯಾಂಕ್ ಮೂಲಕ ಕಳಿಸಬಹುದು, ದೇಣಿಗೆಯೂ ಅದರಲ್ಲಿ ಸೇರುತ್ತದೆ. ಪ್ಯಾನ್ ಕಾರ್ಡ್ ಬೇಕು, ಉದ್ದೇಶ ಬರೆದುಕೊಡಬೇಕು. ಗುರುತಿನವರ ಕೈಯಲ್ಲಿ ನಗದು ಕೊಟ್ಟು ಕಳಿಸುವುದು ಬೇಡವೇ ಬೇಡ. ಯುದ್ಧದ ನೆಲದಲ್ಲಿ ಲೆಕ್ಕವಿಲ್ಲದ ನಗದು ಯಾರ ಕೈ ಸೇರುತ್ತದೋ ಹೇಳಲಾಗದು.

ಊರಿಗೆ ಮರಳುವುದು

2016ರ ಅಕ್ಟೋಬರ್‌ನಲ್ಲಿ ಕರಕೋಶ್ ಬಿಡುಗಡೆಯಾಯಿತು. ಹೋಗಿ ನೋಡಿದವರಿಗೆ ಕಂಡದ್ದು ಸುಟ್ಟ ಮನೆಗಳು. ಊರಿನ ದೊಡ್ಡ ಚರ್ಚ್ ಅಲ್-ತಾಹಿರಾ ಒಳಗೆ ಕಪ್ಪು ಹಿಡಿದಿತ್ತು. ಅದರ ಅಂಗಳವನ್ನು ಐಸಿಸ್ ಗುಂಡು ಹೊಡೆಯುವ ಅಭ್ಯಾಸಕ್ಕೆ ಬಳಸಿತ್ತು.

2017ರ ಮಾರ್ಚ್‌ನಲ್ಲಿ ಕಲ್ದಾಯ, ಸಿರಿಯಕ್ ಕಥೋಲಿಕ, ಸಿರಿಯಕ್ ಆರ್ಥಡಾಕ್ಸ್ ಚರ್ಚುಗಳು ಸೇರಿ ನಿನೆವೆ ಪುನರ್ನಿರ್ಮಾಣ ಸಮಿತಿ ಮಾಡಿಕೊಂಡವು. ಮನೆ ಮನೆಗೆ ಹೋಗಿ ಹಾನಿ ಬರೆದುಕೊಂಡರು. ಸುಮಾರು 13,000 ಮನೆ. ಅಂದಾಜು ಖರ್ಚು 25 ಕೋಟಿ ಡಾಲರ್. ಕರಮ್ಲೆಸ್ ಎಂಬ ಊರಿಗೆ ಅಮೆರಿಕದ ನೈಟ್ಸ್ ಆಫ್ ಕೊಲಂಬಸ್ ಎಂಬ ಕಥೋಲಿಕ ಸಂಘ 20 ಲಕ್ಷ ಡಾಲರ್ ಕೊಟ್ಟಿತು. ತೆಲ್‌ಸ್ಕುಫ್ ಊರಿಗೆ ಹಂಗೇರಿ ಸರ್ಕಾರವೇ ಹಣ ಕೊಟ್ಟಿತು. ಬೇರೆ ಬೇರೆ ಕ್ರೈಸ್ತ ಸಭೆಯವರು, ಅಂದರೆ ಪಂಗಡದವರು, ಒಂದೇ ಪಟ್ಟಿ, ಒಂದೇ ಸಮಿತಿ ಅಂತ ಕೂತದ್ದು ಸಣ್ಣ ವಿಷಯ ಅಲ್ಲ. 2021ರ ಮಾರ್ಚ್ 7ರಂದು ಪೋಪ್ ಫ್ರಾನ್ಸಿಸ್ ಅಲ್-ತಾಹಿರಾದಲ್ಲಿ ಪ್ರಾರ್ಥಿಸಿದಾಗ ಅದು ಮತ್ತೆ ಬೆಳ್ಳಗೆ ಹೊಳೆಯುತ್ತಿತ್ತು.

ಆದರೂ ಕರಕೋಶ್‌ಗೆ ಮರಳಿದವರು ಹತ್ತಿರ ಹತ್ತಿರ ಅರ್ಧ. ಗೋಡೆ ಎದ್ದರೆ ಸಾಲದು. ಕರೆಂಟು, ನೀರು, ಕೆಲಸ ಸರ್ಕಾರದ ಕೈಯಲ್ಲಿದೆ. ಬರ್ತೆಲ್ಲಾದಂಥ ಊರುಗಳಲ್ಲಿ ಶಸ್ತ್ರ ಹಿಡಿದ ಸ್ಥಳೀಯ ಪಡೆಗಳು ಕೂತಿವೆ. ಅಲ್ಲಿ ಮರಳಿದವರು ಇನ್ನೂ ಕಡಿಮೆ. ಇರಾಕಿನಲ್ಲಿ 2003ಕ್ಕೆ ಮೊದಲು ಹತ್ತು ಲಕ್ಷಕ್ಕೂ ಹೆಚ್ಚು ಕ್ರೈಸ್ತರಿದ್ದರು, ಈಗ ಉಳಿದವರು ಎರಡೂವರೆ ಲಕ್ಷಕ್ಕಿಂತ ಕಡಿಮೆ ಅನ್ನುವ ಅಂದಾಜಿದೆ.

ಅಲ್ಲಿನ ಬಿಷಪ್ಪರು ದೇಶ ಬಿಟ್ಟು ಹೋಗಬೇಡಿ ಅನ್ನುತ್ತಾರೆ. ಎರಡು ಸಾವಿರ ವರ್ಷದ ಕ್ರೈಸ್ತ ಸಭೆ ಅಳಿಯಬಾರದು ಅನ್ನುವ ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಮೈಸೂರಿನಲ್ಲಿ ಬೆಚ್ಚಗೆ ಕೂತ ನಾವು ಆ ಮಾತನ್ನು ಹೇಳುವಂತಿಲ್ಲ. ಮಗಳನ್ನು ಕರೆದುಕೊಂಡು ಆಸ್ಟ್ರೇಲಿಯಾಕ್ಕೆ ಹೊರಟ ತಂದೆಗೆ ಸಭೆಯನ್ನು ಉಳಿಸುವ ಭಾರ ಹೊರಿಸುವುದು ಅನ್ಯಾಯ. ನೆರವು ಇರಬೇಕಾದದ್ದು ಆಯ್ಕೆ ಉಳಿಸಲು. ಇರುವವನಿಗೆ ಮನೆಯೂ ಕೆಲಸವೂ ಸಿಗಬೇಕು. ಹೋಗುವವನನ್ನು ಯಾರೂ ದ್ರೋಹಿ ಅನ್ನಬಾರದು.

ಗುಂಪು ಏನು ತೀರ್ಮಾನಿಸಿತು

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಬಯಸಿದವರು ತಮ್ಮ ತಮ್ಮ ಖಾತೆಯಿಂದಲೇ ಕಳಿಸುವುದು, ಒಟ್ಟು ನಿಧಿ ಮಾಡದಿರುವುದು ಎಂದಾಯಿತು. ಹಣ ಮಕ್ಕಳ ಓದಿಗೆ ಹೋಗಬೇಕು. ಅದಕ್ಕೆ ಮೊದಲು ಎರಡು ಸಂಸ್ಥೆಗಳಿಗೆ ಪತ್ರ ಬರೆದು ಉತ್ತರ ತರಿಸಿಕೊಳ್ಳಬೇಕು. ಶಾಲೆಯ ಮೇಷ್ಟ್ರುಗಳು ಸ್ಥಳೀಯರೇ? ಮುಸ್ಲಿಂ, ಯಜೀದಿ ಮಕ್ಕಳಿಗೆ ಪ್ರವೇಶ ಇದೆಯೇ? ಮಕ್ಕಳ ಫೋಟೊ ಹಾಕುವಾಗ ಯಾರ ಒಪ್ಪಿಗೆ ಕೇಳುತ್ತೀರಿ? ಲೆಕ್ಕಪರಿಶೋಧನೆಯ ವರದಿ ಎಲ್ಲಿ ಸಿಗುತ್ತದೆ? ಇನ್ನು ಮೂರು ವರ್ಷ ನಾವು ಕೊಡಲಾಗದಿದ್ದರೆ ಆ ಶಾಲೆ ನಡೆಯುತ್ತದೆಯೇ? ಕೊನೆಯ ಪ್ರಶ್ನೆ ಗಂಜಾಂನ ಅಜ್ಜಿಯದು. ಪತ್ರ ಬರೆಯುವ ಕೆಲಸವನ್ನು ಆ ನರ್ಸ್ ಹುಡುಗಿ ವಹಿಸಿಕೊಂಡಿದ್ದಾಳೆ.